ನಂತರ ಬರುವುದನ್ನು ಹೇಳಲು ಇಂಗ್ಲಿಷಿನಲ್ಲಿ ಯಾವ ಪದ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದ ಬರಹವನ್ನು ಇಂಗ್ಲಿಷಿಗೆ ತರುವುದೂ, ಇತರರು ತಂದದ್ದನ್ನು ತಿದ್ದುವುದೂ ನನ್ನ ದಿನನಿತ್ಯದ ಕೆಲಸ. ‘ನಂತರ’, ‘ಆಮೇಲೆ’, ‘ಬಳಿಕ’, ‘ತರುವಾಯ’ ಎಂಬ ಪದಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ಕನ್ನಡದ ವಾಕ್ಯ ಬಹುಮಟ್ಟಿಗೆ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಇಂಥ ಪ್ರತಿಯೊಂದು ಪದವೂ ಕಾಲವನ್ನು ಎಲ್ಲಿಂದ ಎಣಿಸಬೇಕು, ನಡುವೆ ಅಂತರ ಇದೆಯೇ ಇಲ್ಲವೇ, ಮೊದಲಿನದು ನಂತರದ್ದಕ್ಕೆ ಕಾರಣವೇ ಅಲ್ಲವೇ ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ, ತಿದ್ದಿದ ಹಾಳೆಯ ಅಂಚಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡು, ಸುಲಭವಾದವುಗಳಿಂದ ಮೊದಲುಮಾಡಿ ಇಲ್ಲಿ ಜೋಡಿಸಿದ್ದೇನೆ.

## ಮೊದಲ ಹೆಜ್ಜೆಗಳು

‘ಲೇಟರ್’, ‘ಲ್ಯಾಟರ್’ ಎರಡೂ ಒಂದೇ ಅಲ್ಲವೇ? ನಡುವೆ ಒಂದು ‘ಟಿ’ ಹೆಚ್ಚಾದರೆ ಏನಾಗುತ್ತದೆ?

ಒಂದೇ ಅಲ್ಲ. ‘ಲೇಟರ್’ ಕಾಲವನ್ನು ಹೇಳುತ್ತದೆ, ‘ಲ್ಯಾಟರ್’ ಕ್ರಮವನ್ನು ಹೇಳುತ್ತದೆ. ಸಂಜೆಯ ರೈಲು ಬೆಳಗಿನ ರೈಲಿಗಿಂತ ‘ಲೇಟರ್’. ಆದರೆ ರೈಲು, ಬಸ್ಸು ಎಂದು ಎರಡನ್ನು ಹೆಸರಿಸಿ, ಎರಡನೆಯದಾಗಿ ಹೇಳಿದ ಬಸ್ಸನ್ನೇ ಸೂಚಿಸಬೇಕಾದಾಗ ಅದು ‘ದ ಲ್ಯಾಟರ್’. ಆ ಬಸ್ಸು ರೈಲಿಗಿಂತ ಮೊದಲೇ ಹೊರಟರೂ ಅದಕ್ಕೆ ಆ ಹೆಸರು ತಪ್ಪುವುದಿಲ್ಲ. ಮೊದಲು ಹೇಳಿದ್ದು ‘ದ ಫಾರ್ಮರ್’. ಕನ್ನಡ ಲಿಪಿಯಲ್ಲಿ ಬರೆದಾಗ ಉಚ್ಚಾರದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದೇ ಅಕ್ಷರದ ಅಂತರ ಇರುವುದರಿಂದ ಎಡವುವವರು ಹೆಚ್ಚು.

ಎರಡು ಸಂಗತಿಗಳನ್ನು ನೆನಪಿಡಬೇಕು. ‘ಲ್ಯಾಟರ್’ ಸಲ್ಲುವುದು ಎರಡೇ ವಸ್ತುಗಳಿದ್ದಾಗ. ಮೂರು ಅಥವಾ ಹೆಚ್ಚು ಇದ್ದರೆ ‘ದ ಲಾಸ್ಟ್’ ಎನ್ನಬೇಕು, ಇಲ್ಲವೇ ಆ ವಸ್ತುವಿನ ಹೆಸರನ್ನೇ ಮತ್ತೆ ಹೇಳಬೇಕು. ಎರಡನೆಯದಾಗಿ, ವರ್ಷದ ಉತ್ತರಾರ್ಧ ಎನ್ನುವಾಗ ‘ಲ್ಯಾಟರ್ ಹಾಫ್’ ಸರಿ, ಏಕೆಂದರೆ ಅರ್ಧಗಳು ಇರುವುದೇ ಎರಡು. ನನ್ನ ಮಟ್ಟಿಗೆ ಹೇಳುವುದಾದರೆ, ‘ಫಾರ್ಮರ್’, ‘ಲ್ಯಾಟರ್’ ಜೋಡಿಯನ್ನು ಆದಷ್ಟು ಕಡಿಮೆ ಬಳಸುವುದು ಒಳ್ಳೆಯದು. ಯಾವುದು ಮೊದಲು, ಯಾವುದು ಎರಡನೆಯದು ಎಂದು ಓದುಗರು ಹಿಂದಿನ ಸಾಲಿಗೆ ಹೋಗಿ ಹುಡುಕುವಂತಾದರೆ ಬರೆದವರ ಶ್ರಮ ಉಳಿದು ಓದುವವರ ಶ್ರಮ ಹೆಚ್ಚಿದಂತಾಯಿತು.

‘ಒಂದು ವಾರದ ನಂತರ ಬರುತ್ತೇನೆ’ ಎನ್ನಲು ‘ಆಫ್ಟರ್ ಒನ್ ವೀಕ್’ ಎಂದೇ ಬರೆಯುತ್ತೇನೆ. ಅದನ್ನು ‘ಇನ್ ಎ ವೀಕ್’ ಎಂದು ಏಕೆ ತಿದ್ದುತ್ತಾರೆ? ‘ಇನ್’ ಎಂದರೆ ‘ವಾರದೊಳಗೆ’ ಎಂದಾಗುವುದಿಲ್ಲವೇ?

ಕನ್ನಡಿಗರಿಗೆ ಈ ಗೊಂದಲ ಸಹಜ. ನಾವು ‘ಇನ್’ ಎಂಬುದನ್ನು ‘-ಅಲ್ಲಿ’ ಪ್ರತ್ಯಯಕ್ಕೆ ಸಮವೆಂದು ಶಾಲೆಯಲ್ಲಿಯೇ ಕಲಿತುಬಿಡುತ್ತೇವೆ; ಆದ್ದರಿಂದ ‘ಇನ್ ಎ ವೀಕ್’ ಎಂದರೆ ‘ಒಂದು ವಾರದಲ್ಲಿ’, ಅಂದರೆ ಏಳು ದಿನಗಳ ಒಳಗೆ ಯಾವಾಗಲಾದರೂ ಎಂದು ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಬರುವ ಹೋಗುವ ಸಂಗತಿಯ ಜೊತೆ ಅದು ಬಂದಾಗ ಅರ್ಥ ಬೇರೆ: ಈ ಕ್ಷಣದಿಂದ ಎಣಿಸಿ ವಾರ ತುಂಬುವ ಹೊತ್ತಿಗೆ. ‘ವಾರದೊಳಗೆ’ ಎನ್ನಲು ಅವರಲ್ಲಿ ‘ವಿದಿನ್ ಎ ವೀಕ್’ ಇದೆ.

‘ಐ ವಿಲ್ ಕಮ್ ಆಫ್ಟರ್ ಒನ್ ವೀಕ್’ ಎಂದರೆ ಅರ್ಥವಾಗದೆ ಇರುವುದಿಲ್ಲ. ಆದರೆ ವಾರ ಕಳೆದ ಮೇಲೆ ಯಾವಾಗಲೋ ಬಂದಾರು ಎಂಬ ಸಡಿಲವಾದ ಅರ್ಥವೂ ಅದರಲ್ಲಿ ಸೇರಿಕೊಳ್ಳುತ್ತದೆ. ಕಳೆದ ಕಾಲದ ಕಥೆ ಹೇಳುವಾಗ ‘ಆಫ್ಟರ್ ಎ ವೀಕ್’ ಚೆನ್ನಾಗಿ ಹೊಂದುತ್ತದೆ. ‘ಎ ವೀಕ್ ಲೇಟರ್’ ಸಹ ಹಾಗೆಯೇ. ‘ಲೇಟರ್’ ಜೊತೆಗೆ ಅವಧಿಯನ್ನು ಹೇಳಿದಾಗ ಎಣಿಕೆ ಈಗಿನಿಂದ ಶುರುವಾಗದೆ, ಮೊದಲೇ ಹೇಳಿದ ಬೇರೊಂದು ಘಟನೆಯಿಂದ ಶುರುವಾಗುತ್ತದೆ. ಆದ್ದರಿಂದ ಬೀಳ್ಕೊಡುವಾಗ ‘ಸೀ ಯು ಲೇಟರ್’ ಎನ್ನಬಹುದು, ‘ಸೀ ಯು ತ್ರೀ ಡೇಸ್ ಲೇಟರ್’ ಎನ್ನಲಾಗದು. ಅಲ್ಲಿ ‘ಇನ್ ತ್ರೀ ಡೇಸ್’ ಎಂದೇ ಆಗಬೇಕು.

ಕಥೆಯಲ್ಲಿ ‘ಮರುದಿನ’ ಎಂದಿದ್ದುದನ್ನು ‘ಟುಮಾರೋ’ ಎಂದು ಮಾಡಿದ್ದೆ. ಕೆಂಪು ಗೆರೆ ಬಿತ್ತು. ಏಕೆ?

‘ಟುಮಾರೋ’ ನಮ್ಮ ‘ನಾಳೆ’. ಅದು ಮಾತನಾಡುತ್ತಿರುವವರ ಇಂದಿಗೆ ಕಟ್ಟುಬಿದ್ದ ಪದ. ‘ಮರುದಿನ’ ಎಂಬುದು ಕಥೆಯೊಳಗಿನ ಒಂದು ದಿನದಿಂದ ಎಣಿಸಿದ್ದು. ಅದಕ್ಕೆ ‘ದ ನೆಕ್ಸ್ಟ್ ಡೇ’ ಅಥವಾ ‘ದ ಫಾಲೋಯಿಂಗ್ ಡೇ’ ಬೇಕು. ಕನ್ನಡದಲ್ಲಿ ಈ ಎರಡನ್ನೂ ಯಾರೂ ಬೆರೆಸುವುದಿಲ್ಲ. ‘ಅವನು ಹತ್ತು ವರ್ಷದ ಹಿಂದೆ ಬಂದ, ನಾಳೆ ಹೊರಟುಹೋದ’ ಎಂದು ಯಾರೂ ಬರೆಯಲಾರರು. ಇಂಗ್ಲಿಷಿಗೆ ಹೋದಾಗ ಮಾತ್ರ ಆ ಎಚ್ಚರ ತಪ್ಪುತ್ತದೆ.

ವಾರ, ತಿಂಗಳು, ವರ್ಷಗಳಲ್ಲಿ ಈ ಭೇದವನ್ನು ಹೊರುವುದು ‘ದ’ ಎಂಬ ಪುಟ್ಟ ಪದ. ‘ನೆಕ್ಸ್ಟ್ ವೀಕ್’ ಎಂದರೆ ಈಗಿನಿಂದ ಮುಂದಿನ ವಾರ. ‘ದ ನೆಕ್ಸ್ಟ್ ವೀಕ್’ ಎಂದರೆ ಕಥೆಯಲ್ಲಿ ಬಂದ ವಾರದ ಮರುವಾರ. ಇನ್ನು ನಮ್ಮ ‘ನಾಡಿದ್ದು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಇಂದು ಬಳಕೆಯಲ್ಲಿಲ್ಲ. ‘ಓವರ್‌ಮಾರೋ’ ಎಂಬ ಪದವೊಂದು ಹಿಂದೆ ಇತ್ತು, ಬಳಕೆ ತಪ್ಪಿತು. ಈಗ ‘ದ ಡೇ ಆಫ್ಟರ್ ಟುಮಾರೋ’ ಎಂಬ ಉದ್ದದ ದಾರಿಯೇ ಗತಿ.

ಸೋಮವಾರ ಕುಳಿತು ‘ನೆಕ್ಸ್ಟ್ ಫ್ರೈಡೇ’ ಎಂದು ಬರೆದರೆ ಅದು ಇದೇ ವಾರದ ಶುಕ್ರವಾರವೋ, ಮುಂದಿನ ವಾರದ್ದೋ?

ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರಲ್ಲಿಯೇ ಇದಕ್ಕೆ ಒಮ್ಮತವಿಲ್ಲ. ಕೆಲವರಿಗೆ ಅದು ಮೊದಲು ಎದುರಾಗುವ ಶುಕ್ರವಾರ, ಇನ್ನು ಕೆಲವರಿಗೆ ಅದು ಮುಂದಿನ ವಾರದ ಶುಕ್ರವಾರ. ಮೊದಲಿನದನ್ನು ಅವರು ‘ದಿಸ್ ಫ್ರೈಡೇ’ ಎನ್ನುತ್ತಾರೆ. ಪದದ ಹುಟ್ಟು ಮೊದಲನೆಯವರ ಕಡೆಗಿದೆ, ಏಕೆಂದರೆ ‘ನೆಕ್ಸ್ಟ್’ ಎಂಬುದು ‘ಹತ್ತಿರ’ ಎಂಬರ್ಥದ ‘ನೈ’ ಎಂಬ ಹಳೆಯ ಪದದ ಅತಿಶಯ ರೂಪ, ಎಂದರೆ ‘ಎಲ್ಲಕ್ಕಿಂತ ಹತ್ತಿರದ್ದು’. ಇಂದಿನ ಬಳಕೆ ಮಾತ್ರ ಹುಟ್ಟನ್ನು ಕೇಳಿ ನಡೆಯುತ್ತಿಲ್ಲ. ದಿನಾಂಕವನ್ನೇ ಬರೆಯುವುದನ್ನು ಬಿಟ್ಟು ಇದಕ್ಕೆ ಬೇರೆ ಉಪಾಯವನ್ನು ನಾನು ಕಂಡಿಲ್ಲ.

‘ಶುಕ್ರವಾರದವರೆಗೆ ಕೊಡಬಹುದು’ ಎನ್ನುವಲ್ಲಿ ‘ಟಿಲ್ ಫ್ರೈಡೇ’ ಸರಿಯೇ?

‘ವರೆಗೆ’ ಎಂಬ ನಮ್ಮ ಒಂದು ಪದ ಅವರಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಸ್ಥಿತಿ ಶುಕ್ರವಾರ ಮುಟ್ಟುವ ತನಕ ಎಡೆಬಿಡದೆ ನಡೆದರೆ ‘ಟಿಲ್’. ಒಂದೇ ಸಲ ಮುಗಿಯುವ ಕೆಲಸಕ್ಕೆ ಅದು ಗಡುವಾದರೆ ‘ಬೈ’. ಕಚೇರಿ ಶುಕ್ರವಾರದವರೆಗೆ ತೆರೆದಿರುತ್ತದೆ ಎಂದರೆ ‘ಟಿಲ್’. ಹಸ್ತಪ್ರತಿಯನ್ನು ಶುಕ್ರವಾರದೊಳಗೆ ಕೊಡಿ ಎಂದರೆ ‘ಬೈ’.

‘ಆಫ್ಟರ್‌ವರ್ಡ್’ ಸರಿಯೋ, ಕೊನೆಯಲ್ಲಿ ‘ಎಸ್’ ಇರುವ ‘ಆಫ್ಟರ್‌ವರ್ಡ್ಸ್’ ಸರಿಯೋ?

ಎರಡೂ ಸರಿ. ‘ಎಸ್’ ಇರುವುದು ಬ್ರಿಟಿಷ್ ರೂಢಿ, ಇಲ್ಲದಿರುವುದು ಹೆಚ್ಚಾಗಿ ಅಮೆರಿಕದ ರೂಢಿ. ಒಂದು ಬರಹದಲ್ಲಿ ಒಂದನ್ನೇ ಉಳಿಸಿಕೊಂಡರೆ ಸಾಕು. ಪುಸ್ತಕದ ಕೊನೆಯ ‘ಹಿನ್ನುಡಿ’ಗೆ ಇರುವ ‘ಆಫ್ಟರ್‌ವರ್ಡ್’ ಮಾತ್ರ ಬೇರೆಯೇ ಪದ. ಅದರ ಕೊನೆಯಲ್ಲಿರುವುದು ‘ಮಾತು’ ಎಂಬರ್ಥದ ‘ವರ್ಡ್’, ಕಾಗುಣಿತವೂ ಬೇರೆ.

## ಸ್ವಲ್ಪ ಒಳಗೆ

ಸಭೆಯನ್ನು ಮುಂದೂಡಿದ್ದೇವೆ ಎನ್ನಲು ‘ಮೂವ್ಡ್ ಫಾರ್ವರ್ಡ್’ ಎಂದು ಬರೆದೆ. ಓದಿದವರು ತಲೆಕೆಳಗಾಗಿ ಅರ್ಥ ಮಾಡಿಕೊಂಡರು. ನನ್ನ ತಪ್ಪೇನು?

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಸ್ಥೆಯ ಸುತ್ತೋಲೆಯನ್ನು ಇಂಗ್ಲಿಷಿಗೆ ತಂದಿದ್ದೆ. ‘ಬುಧವಾರದ ಸಭೆಯನ್ನು ಎರಡು ದಿನ ಮುಂದೂಡಲಾಗಿದೆ’ ಎಂಬುದು ಮೂಲ. ಪದಕ್ಕೆ ಪದ ಇಟ್ಟು, ‘ಮುಂದೆ’ ಇದ್ದಲ್ಲಿ ‘ಫಾರ್ವರ್ಡ್’ ಬರೆದೆ. ಕನ್ನಡದ ಸುತ್ತೋಲೆಯನ್ನು ಓದಿದವರು ಶುಕ್ರವಾರಕ್ಕೆ ತಯಾರಾದರು. ನನ್ನ ಇಂಗ್ಲಿಷನ್ನು ಓದಿದವರು ದೂರದ ಊರಿನಿಂದ ಸೋಮವಾರ ಬೆಳಿಗ್ಗೆಯೇ ಬಂದು ಬೀಗ ಹಾಕಿದ ಕೋಣೆಯ ಮುಂದೆ ನಿಂತರು. ಅವರ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಕನ್ನಡದಲ್ಲಿ ಕಾಲವೆಂಬುದು ನಾವು ನಡೆಯುವ ದಾರಿ. ಬರಬೇಕಾದದ್ದು ನಮ್ಮ ಮುಂದೆ ಇದೆ, ಕಳೆದದ್ದು ಹಿಂದೆ ಉಳಿದಿದೆ. ಮುಂದಿನ ವಾರ, ಹಿಂದಿನ ವಾರ, ಎರಡು ವರ್ಷಗಳ ಹಿಂದೆ. ಆದ್ದರಿಂದ ಸಭೆಯನ್ನು ದಾರಿಯಲ್ಲಿ ಇನ್ನೂ ಆಚೆಗೆ ನೂಕಿದರೆ ಅದು ‘ಮುಂದೂಡಿದ’ ಸಭೆ, ‘ಮುಂದಕ್ಕೆ ಹೋದ’ ಸಭೆ. ಇಂಗ್ಲಿಷಿನವರಿಗೂ ಭವಿಷ್ಯ ಮುಂದೆಯೇ ಇದೆ. ಆದರೆ ಸಭೆಯ ದಿನವನ್ನು ಬದಲಾಯಿಸುವಾಗ ಅವರು ಹೆಚ್ಚಾಗಿ ಆ ಸಭೆಯೇ ತಮ್ಮ ಕಡೆಗೆ ಮುಖ ಮಾಡಿ ನಡೆದು ಬರುತ್ತಿದೆ ಎಂದು ಕಾಣುತ್ತಾರೆ. ಹಾಗೆ ಬರುವುದನ್ನು ಅದರ ಮುಂದಕ್ಕೆ ಎಳೆದರೆ ಅದು ನಮಗೆ ಹತ್ತಿರವಾಗುತ್ತದೆ, ಅಂದರೆ ಬೇಗ ನಡೆಯುತ್ತದೆ. ಹಿಂದಕ್ಕೆ ತಳ್ಳಿದರೆ ತಡವಾಗುತ್ತದೆ. ಹೀಗಾಗಿ ನಮ್ಮ ‘ಮುಂದೂಡು’ ಅವರಲ್ಲಿ ‘ಪುಷ್ ಬ್ಯಾಕ್’ ಅಥವಾ ‘ಪುಟ್ ಬ್ಯಾಕ್’ ಆಗುತ್ತದೆ, ಅವರ ‘ಬ್ರಿಂಗ್ ಫಾರ್ವರ್ಡ್’ ನಮ್ಮಲ್ಲಿ ‘ಹಿಂದಕ್ಕೆ ತರುವುದು’ ಆಗುತ್ತದೆ.

ಇಷ್ಟಾದರೂ ಅವರಲ್ಲಿ ‘ಮೂವ್ಡ್ ಫಾರ್ವರ್ಡ್’ ಎಂಬ ಮಾತು ಗಟ್ಟಿಯಾಗಿ ನೆಲೆನಿಂತಿಲ್ಲ. ಮನೋವಿಜ್ಞಾನಿಗಳಾದ ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುಧವಾರದ ಸಭೆಯನ್ನು ಎರಡು ದಿನ ‘ಫಾರ್ವರ್ಡ್’ ಮಾಡಿದರೆ ಅದು ಯಾವ ದಿನ ನಡೆಯುತ್ತದೆ ಎಂಬ ಪ್ರಶ್ನೆಗೆ ಇಂಗ್ಲಿಷ್ ನುಡಿಯುವವರಲ್ಲಿ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಊಟದ ಸಾಲಿನಲ್ಲಿ ನಿಂತಿದ್ದವರನ್ನು ಕೇಳಿದಾಗ, ಸಾಲಿನಲ್ಲಿ ಮುಂದೆ ಮುಂದೆ ಸಾಗಿದ್ದವರಲ್ಲಿ ಶುಕ್ರವಾರ ಎಂದವರು ಹೆಚ್ಚಾಗಿದ್ದರು. ತಾವು ನಡೆದು ಬಂದ ಅನುಭವ ಹಸಿಯಾಗಿದ್ದಾಗ ಅವರೂ ಕಾಲವನ್ನು ನಮ್ಮಂತೆಯೇ ಕಾಣುತ್ತಾರೆ ಎಂದಾಯಿತು.

ನಮ್ಮಲ್ಲಿಯೂ ಎಲ್ಲವೂ ಒಂದೇ ದಿಕ್ಕಿನಲ್ಲಿಲ್ಲ ಎಂಬುದನ್ನು ಗಮನಿಸಬೇಕು. ‘ಮುಂದೆ’ ಎಂಬುದು ನಂತರದ್ದಾದರೆ, ಅದೇ ಮೂಲದ ‘ಮುನ್ನ’, ‘ಮುಂಚೆ’, ‘ಮುನ್ನಾದಿನ’ ಎಂಬವು ಮೊದಲಿನದನ್ನು ಹೇಳುತ್ತವೆ. ಆದ್ದರಿಂದ ಇಂಗ್ಲಿಷಿನಲ್ಲಿ ದಿಕ್ಕಿನ ಪದಗಳನ್ನೇ ಬಿಟ್ಟು ‘ಪೋಸ್ಟ್‌ಪೋನ್’ ಎನ್ನಿ. ‘ಫ್ರಮ್ ವೆನ್ಸ್‌ಡೇ ಟು ಫ್ರೈಡೇ’ ಎಂದು ಎರಡು ದಿನಗಳನ್ನೂ ಹೆಸರಿಸಿ. ಅಂದಿನಿಂದ ನಾನು ಹಾಗೆಯೇ ಬರೆಯುತ್ತಿದ್ದೇನೆ.

ಹಾಗಾದರೆ ‘ಪ್ರಿಪೋನ್’ ಎನ್ನಬಹುದೇ? ಅದು ನಿಜವಾದ ಇಂಗ್ಲಿಷ್ ಅಲ್ಲ ಎನ್ನುತ್ತಾರಲ್ಲ?

ಅದು ಭಾರತದ ಇಂಗ್ಲಿಷಿನಲ್ಲಿ ಬೇರೂರಿರುವ ಪದ. ‘ಪೋಸ್ಟ್‌ಪೋನ್’ ಎಂಬುದು ಲ್ಯಾಟಿನ್ನಿನ ‘ನಂತರ ಇಡು’ ಎಂಬುದರಿಂದ ಬಂದಿದ್ದರೆ, ಇದು ‘ಮೊದಲು ಇಡು’ ಎಂಬ ಅರ್ಥದಲ್ಲಿ ಅದೇ ಅಚ್ಚಿನಲ್ಲಿ ಎರಕಹೊಯ್ದದ್ದು. ಪದದಲ್ಲಿ ದೋಷವಿಲ್ಲ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಹೊರದೇಶದ ಓದುಗರಿಗೆ ಬರೆಯುವಾಗ ಮಾತ್ರ ಅವರಿಗೆ ಪರಿಚಯವಿಲ್ಲದಿರಬಹುದು ಎಂಬ ಕಾರಣಕ್ಕೆ ನಾನು ‘ಅರ್ಲಿಯರ್ ದ್ಯಾನ್ ಪ್ಲಾನ್ಡ್’ ಎಂದು ಬಿಡಿಸಿ ಹೇಳುತ್ತೇನೆ.

‘ಸಬ್ಸಿಕ್ವೆಂಟ್’, ‘ಕಾನ್ಸಿಕ್ವೆಂಟ್’, ‘ಎನ್ಸೂಯಿಂಗ್’ ಎಲ್ಲಕ್ಕೂ ನಿಘಂಟಿನಲ್ಲಿ ‘ನಂತರದ’ ಎಂದೇ ಇದೆ. ಯಾವುದನ್ನು ಬಳಸಲಿ?

ಮೂರೂ ‘ಹಿಂಬಾಲಿಸು’ ಎಂಬರ್ಥದ ‘ಸೆಕ್ವಿ’ ಎಂಬ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ‘ಸೀಕ್ವೆಲ್’, ‘ಸೀಕ್ವೆನ್ಸ್’, ಎರಡನೆಯದು ಎಂಬರ್ಥದ ‘ಸೆಕೆಂಡ್’ ಸಹ ಅದೇ ಮನೆಯವು. ಬೇರೊಬ್ಬರ ಹಿಂದೆ ನಡೆಯುವವರು ಕೆಲವೊಮ್ಮೆ ಸುಮ್ಮನೆ ಹಿಂದೆ ಇರುತ್ತಾರೆ, ಕೆಲವೊಮ್ಮೆ ಮುಂದಿನವರು ಎಳೆದುದರಿಂದಲೇ ಬರುತ್ತಿರುತ್ತಾರೆ. ಈ ವ್ಯತ್ಯಾಸವೇ ಇಲ್ಲಿಯೂ ಇದೆ. ‘ಸಬ್ಸಿಕ್ವೆಂಟ್’ ಎಂದರೆ ಕಾಲದಲ್ಲಿ ನಂತರದ್ದು, ಅಷ್ಟೇ. ಕಾರಣದ ಮಾತು ಅದರಲ್ಲಿಲ್ಲ. ‘ಕಾನ್ಸಿಕ್ವೆಂಟ್’ ಎಂದರೆ ಮೊದಲಿನದರ ಫಲವಾಗಿ ಬಂದದ್ದು. ‘ಎನ್ಸೂಯಿಂಗ್’ ನಡುವೆ ನಿಲ್ಲುತ್ತದೆ: ಬೆನ್ನಿಗೇ ಬಂದದ್ದು, ಹಲವು ಸಲ ಮೊದಲಿನದರಿಂದಲೇ ಎದ್ದದ್ದು. ಕೂಗಾಟ ಎದ್ದು, ಅದರಿಂದ ಉಂಟಾದ ಗದ್ದಲದಲ್ಲಿ ಯಾರೋ ಬಿದ್ದರು ಎನ್ನುವಾಗ ಆ ಗದ್ದಲ ‘ಎನ್ಸೂಯಿಂಗ್’.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘ಔಷಧಿ ಕೊಟ್ಟ ನಂತರದ ಜ್ವರ’ ಎಂಬ ಕನ್ನಡದ ಮಾತು ವೈದ್ಯಕೀಯ ವರದಿಯೊಂದರಲ್ಲಿ ಇದೆ ಎಂದುಕೊಳ್ಳಿ. ‘ಸಬ್ಸಿಕ್ವೆಂಟ್ ಫೀವರ್’ ಎಂದರೆ ಔಷಧಿ ಮೊದಲು, ಜ್ವರ ಆಮೇಲೆ. ಸಂಬಂಧ ಇರಬಹುದು, ಇಲ್ಲದಿರಬಹುದು. ‘ಕಾನ್ಸಿಕ್ವೆಂಟ್ ಫೀವರ್’ ಎಂದರೆ ಔಷಧಿಯಿಂದಲೇ ಜ್ವರ ಬಂತು ಎಂದು ತೀರ್ಪು ಕೊಟ್ಟಂತೆ. ಅನುವಾದಕರಿಗೆ ಆ ತೀರ್ಪು ಕೊಡುವ ಅಧಿಕಾರವಿಲ್ಲ. ಒಂದರ ನಂತರ ಬಂದದ್ದೆಲ್ಲ ಅದರಿಂದಲೇ ಬಂದದ್ದು ಎಂದು ತಿಳಿಯುವ ದೋಷಕ್ಕೆ ತರ್ಕಶಾಸ್ತ್ರದಲ್ಲಿ ‘ಪೋಸ್ಟ್ ಹಾಕ್ ಎರ್ಗೋ ಪ್ರಾಪ್ಟರ್ ಹಾಕ್’ ಎಂಬ ಲ್ಯಾಟಿನ್ ಹೆಸರೇ ಇದೆ. ಕನ್ನಡದ ‘ನಂತರ’ ಕಾರಣವನ್ನು ಹೇಳದೆ ಮೌನವಾಗಿದ್ದರೆ ಇಂಗ್ಲಿಷಿನಲ್ಲಿಯೂ ಆ ಮೌನ ಉಳಿಯಬೇಕು.

ಉಚ್ಚರಿಸುವಾಗ ‘ಸಬ್ಸಿಕ್ವೆಂಟ್’, ‘ಕಾನ್ಸಿಕ್ವೆಂಟ್’ ಎರಡರಲ್ಲಿಯೂ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ, ‘ಎನ್ಸೂಯಿಂಗ್’ನಲ್ಲಿ ಎರಡನೆಯದರ ಮೇಲೆ.

‘ಆಫ್ಟರ್’ ಎಂಬ ಸಣ್ಣ ಪದ ತೀರಾ ಸಾಮಾನ್ಯ ಎನಿಸುತ್ತದೆ. ‘ಸಬ್ಸಿಕ್ವೆಂಟ್ ಟು’, ‘ಫಾಲೋಯಿಂಗ್’ ಎಂದರೆ ಹೆಚ್ಚು ಗಂಭೀರವಲ್ಲವೇ?

ಅಲ್ಲ ಎಂದೇ ನನ್ನ ಅಭಿಪ್ರಾಯ. ‘ಸಬ್ಸಿಕ್ವೆಂಟ್ ಟು’ ಎಂಬುದು ‘ಆಫ್ಟರ್’ ಹೇಳುವುದಕ್ಕಿಂತ ಹೆಚ್ಚಿನದೇನನ್ನೂ ಹೇಳದೆ ವಾಕ್ಯವನ್ನು ಭಾರ ಮಾಡುತ್ತದೆ. ‘ಫಾಲೋಯಿಂಗ್’ ಎಂಬುದಕ್ಕೆ ಒಂದು ಸಲ್ಲುವ ಜಾಗ ಇದೆ: ಮೊದಲಿನ ಘಟನೆಯಿಂದ ನಂತರದ್ದು ಹುಟ್ಟಿತು ಎಂಬ ಛಾಯೆ ಬೇಕಾದಾಗ, ಉದಾಹರಣೆಗೆ ದೂರು ಬಂದ ಮೇಲೆ ತನಿಖೆ ನಡೆಯಿತು ಎನ್ನುವಾಗ. ಊಟದ ನಂತರ ಮಲಗಿದರು ಎನ್ನಲು ಅದು ಬೇಡ. ಮೇಲಾಗಿ ‘ಫಾಲೋಯಿಂಗ್ ದ ಗೆಸ್ಟ್ಸ್’ ಎಂದು ಬರೆದರೆ ಅತಿಥಿಗಳ ನಂತರವೋ, ಅತಿಥಿಗಳನ್ನು ಹಿಂಬಾಲಿಸಿಯೋ ಎಂಬ ಸಂದೇಹ ಏಳುತ್ತದೆ. ಪಟ್ಟಿಯ ಮುಂಚೆ ಬರುವ ‘ಆ್ಯಸ್ ಫಾಲೋಸ್’ ಮಾತ್ರ, ಪಟ್ಟಿಯಲ್ಲಿ ಎಷ್ಟೇ ಸಂಗತಿಗಳಿದ್ದರೂ, ಕೊನೆಯ ‘ಎಸ್’ ಬಿಡುವುದಿಲ್ಲ.

ಒಂದಾದ ಮೇಲೊಂದು ಎನ್ನಲು ‘ಸಕ್ಸೆಸಿವ್’ ಬೇಕೋ ‘ಕಾನ್ಸೆಕ್ಯುಟಿವ್’ ಬೇಕೋ?

ನಡುವೆ ಬಿಡುವೇ ಇಲ್ಲದಿದ್ದರೆ ‘ಕಾನ್ಸೆಕ್ಯುಟಿವ್’. 3, 4, 5 ಎಂಬವು ‘ಕಾನ್ಸೆಕ್ಯುಟಿವ್’ ಸಂಖ್ಯೆಗಳು. ಸರದಿಯಲ್ಲಿ ಒಂದರ ಹಿಂದೆ ಒಂದು ಬಂದರೆ ಸಾಕು, ನಡುವಿನ ಅಂತರ ಮುಖ್ಯವಲ್ಲ ಎಂದಾದರೆ ‘ಸಕ್ಸೆಸಿವ್’. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯನ್ನು ಸತತವಾಗಿ ಮೂರು ಸಲ ಗೆದ್ದವರ ಗೆಲುವುಗಳು ‘ಸಕ್ಸೆಸಿವ್’. ಅವನ್ನು ‘ಮೂರು ಕಾನ್ಸೆಕ್ಯುಟಿವ್ ವರ್ಷ’ ಎಂದರೆ ಸುಳ್ಳಾಗುತ್ತದೆ. ಕನ್ನಡದ ‘ಸತತ’ ಎಂಬುದು ಎರಡಕ್ಕೂ ಸಲ್ಲುವುದರಿಂದ ಅನುವಾದಿಸುವ ಮುಂಚೆ ಅಂತರವನ್ನು ವಿಚಾರಿಸಿಕೊಳ್ಳಬೇಕು.

ಮುಂಬರುವ ಕಾರ್ಯಕ್ರಮಕ್ಕೆ ‘ಇಂಪೆಂಡಿಂಗ್’ ಎಂದು ಬರೆದಿದ್ದೆ. ಅದರಲ್ಲಿ ಅಪಶಕುನ ಇದೆ ಎಂದರು. ನಿಜವೇ?

ನಿಜ. ‘ಇಂಪೆಂಡಿಂಗ್’ ಎಂಬುದರ ಮೂಲದಲ್ಲಿ ‘ಮೇಲಿಂದ ತೂಗುತ್ತಿರುವ’ ಎಂಬ ಚಿತ್ರವಿದೆ. ತಲೆಯ ಮೇಲೆ ಬೀಳಲಿರುವ ಕೇಡಿಗೆ ಅದು ಹೆಚ್ಚು ಒಗ್ಗುತ್ತದೆ. ‘ಇಮಿನೆಂಟ್’ ಎಂದರೆ ಇನ್ನೇನು ಸಂಭವಿಸಲಿರುವುದು. ಕೇಡಿಗೇ ಹೆಚ್ಚು, ಒಳ್ಳೆಯದಕ್ಕೂ ಆದೀತು. ಸಂತೋಷದ ಸಮಾರಂಭಕ್ಕೆ ‘ಅಪ್‌ಕಮಿಂಗ್’ ಅಥವಾ ‘ಫೋರ್ತ್‌ಕಮಿಂಗ್’ ಸಾಕು. ‘ಫೋರ್ತ್‌ಕಮಿಂಗ್’ ಎಂಬುದಕ್ಕೆ ವ್ಯಕ್ತಿಗಳ ವಿಷಯದಲ್ಲಿ ‘ಮನಬಿಚ್ಚಿ ಮಾತನಾಡುವ’ ಎಂಬ ಬೇರೆ ಅರ್ಥವೂ ಇದೆ. ‘ಪೆಂಡಿಂಗ್’ ನಮ್ಮಲ್ಲಿ ‘ಬಾಕಿ’ ಎಂದೇ ರೂಢವಾಗಿದೆ. ಅದು ಮುಂದೆ ಬರುವುದಲ್ಲ, ತೀರ್ಮಾನವಾಗದೆ ಉಳಿದದ್ದು.

ಬದುಕಿರುವ ಲೇಖಕರೊಬ್ಬರ ‘ಲಾಸ್ಟ್ ಬುಕ್’ ಎಂದು ಪರಿಚಯದಲ್ಲಿ ಬರೆದೆ, ಅವರು ಬೇಸರಪಟ್ಟುಕೊಂಡರು. ‘ಲೇಟೆಸ್ಟ್’ ಎನ್ನಬೇಕಿತ್ತೇ?

ಹೌದು. ‘ಲಾಸ್ಟ್’ ಎಂದರೆ ಕೊನೆಯದು, ಇನ್ನು ಮುಂದೆ ಇಲ್ಲ ಎಂಬ ಅರ್ಥ ಅದರಲ್ಲಿ ನುಸುಳುತ್ತದೆ. ‘ಲೇಟೆಸ್ಟ್’ ಎಂದರೆ ಇಲ್ಲಿಯವರೆಗೆ ಬಂದವುಗಳಲ್ಲಿ ಹೊಸದು. ಈ ವ್ಯತ್ಯಾಸದ ಹಿಂದೆ ಒಂದು ಇತಿಹಾಸ ಇದೆ. ‘ಲೇಟ್’ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಿಂದ ಬಂದ ಜೋಡಿ ‘ಲ್ಯಾಟರ್’ ಮತ್ತು ‘ಲಾಸ್ಟ್’. ಅವು ದಿನಗಳೆದಂತೆ ಕಾಲವನ್ನು ಬಿಟ್ಟು ಕ್ರಮದ ಪದಗಳಾದುವು. ಆಗ ‘ಲೇಟ್’ ಎಂಬುದಕ್ಕೆ ನೇರವಾಗಿ ಪ್ರತ್ಯಯ ಹಚ್ಚಿ ‘ಲೇಟರ್’, ‘ಲೇಟೆಸ್ಟ್’ ಎಂಬ ಹೊಸ ಜೋಡಿ ಬಳಕೆಗೆ ಬಂದು ಕಾಲವನ್ನು ಹೇಳುವ ಹೊಣೆ ಹೊತ್ತಿತು. ಹಳೆಯ ಜೋಡಿ ಸರದಿಯಲ್ಲಿ ಎರಡನೆಯದನ್ನೂ ಕಡೆಯದನ್ನೂ ತೋರಿಸುತ್ತದೆ, ಹೊಸ ಜೋಡಿ ಗಡಿಯಾರವನ್ನೂ ಪಂಚಾಂಗವನ್ನೂ ತೋರಿಸುತ್ತದೆ. ಇದು ತಿಳಿದ ಮೇಲೆ ನಾಲ್ಕು ಪದಗಳೂ ನನಗೆ ಗೊಂದಲ ಮಾಡಿಲ್ಲ.

ವ್ಯಕ್ತಿಯ ಹೆಸರಿಗೆ ಮೊದಲು ‘ದ ಲೇಟ್’ ಬಂದರೆ ಅದು ‘ದಿವಂಗತ’ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ಇವೆಂಚುವಲಿ’ ಎಂದರೆ ‘ನಂತರ’ ಎಂದೇ ಅಲ್ಲವೇ?

ಅದರಲ್ಲಿ ‘ನಂತರ’ದ ಜೊತೆಗೆ ಕಾಯುವಿಕೆಯೂ ಇದೆ. ಹಲವು ತಡೆಗಳನ್ನೋ ತಿರುವುಗಳನ್ನೋ ದಾಟಿ ‘ಕೊನೆಗೂ’, ‘ಕಡೆಗೆ’ ಆದದ್ದು ‘ಇವೆಂಚುವಲಿ’. ಹಲ್ಲುಜ್ಜಿ ಆಮೇಲೆ ಸ್ನಾನ ಮಾಡಿದೆ ಎನ್ನುವಲ್ಲಿ ಆ ಪದಕ್ಕೆ ಕೆಲಸವಿಲ್ಲ. ಅಲ್ಲಿಗೆ ‘ದೆನ್’ ಸಾಕು.

## ಇನ್ನೂ ಆಳಕ್ಕೆ

‘ಪೋಸ್ಟ್’ ಎಂಬ ಉಪಸರ್ಗವನ್ನು ಕನ್ನಡದಲ್ಲಿ ‘ಉತ್ತರ’ ಎಂದು ಮಾಡುತ್ತಾರೆ. ಎರಡೂ ಎಲ್ಲ ಕಡೆಯೂ ಸರಿಹೋಗುತ್ತವೆಯೇ?

ಆಶ್ಚರ್ಯವಾಗುವಷ್ಟು ಕಡೆ ಸರಿಹೋಗುತ್ತವೆ. ‘ಪೋಸ್ಟ್‌ಗ್ರಾಜುಯೇಟ್’ ನಮ್ಮ ಸ್ನಾತಕೋತ್ತರ, ‘ಪೋಸ್ಟ್‌ವಾರ್’ ಯುದ್ಧೋತ್ತರ, ‘ಪಾಸ್ಟ್ಯುಮಸ್’ ಮರಣೋತ್ತರ. ಅವರ ಉಪಸರ್ಗ ಪದದ ಮೊದಲಿಗೆ ಬಂದರೆ ನಮ್ಮದು ಕೊನೆಗೆ ಬರುತ್ತದೆ.

‘ಪಾಸ್ಟ್ಯುಮಸ್’ ಎಂಬ ಪದದ ಕಥೆ ಹೇಳಲೇಬೇಕಾದದ್ದು. ಅದರ ಮೂಲ ‘ಪೋಸ್ಟುಮುಸ್’ ಎಂಬ ಲ್ಯಾಟಿನ್ ಪದ. ಅರ್ಥ ‘ಎಲ್ಲಕ್ಕಿಂತ ಕಡೆಯ’ ಎಂದಷ್ಟೇ. ತಂದೆ ತೀರಿದ ಮೇಲೆ ಹುಟ್ಟಿದ ಮಗುವಿಗೆ ಆ ಪದ ಸಲ್ಲುತ್ತಿದ್ದುದರಿಂದ, ಮಣ್ಣು ಎಂಬರ್ಥದ ‘ಹುಮುಸ್’ ಇದರಲ್ಲಿ ಸೇರಿರಬೇಕು, ಮಣ್ಣಾದ ಮೇಲಿನದು ಎಂದೇ ಅರ್ಥವಿರಬೇಕು ಎಂದು ತಿಳಿದವರು ನಡುವೆ ಒಂದು ‘ಎಚ್’ ಸೇರಿಸಿದರು. ಆ ಅಕ್ಷರ ಇಂದಿಗೂ ಕಾಗುಣಿತದಲ್ಲಿ ಉಳಿದಿದೆ, ಉಚ್ಚಾರದಲ್ಲಿ ಇಲ್ಲ.

ಸಂಖ್ಯಾಶಾಸ್ತ್ರದ ‘ಪೋಸ್ಟೀರಿಯರ್’ ಸಹ ಇದೇ ಬಳಗದ್ದು. ಹೊಸ ಸಾಕ್ಷ್ಯವನ್ನು ನೋಡುವ ಮೊದಲಿನ ಅಂದಾಜು ‘ಪ್ರಯರ್’, ನೋಡಿದ ನಂತರ ತಿದ್ದಿಕೊಂಡದ್ದು ‘ಪೋಸ್ಟೀರಿಯರ್’. ಈ ವಿಚಾರಕ್ಕೆ ಅಡಿಪಾಯ ಹಾಕಿದ ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡರು, ಅವರ ಪ್ರಬಂಧ ಪ್ರಕಟವಾದದ್ದು 1763ರಲ್ಲಿ. ಎಂದರೆ ಆ ಪ್ರಬಂಧವೇ ಮರಣೋತ್ತರ. ಶಾಸ್ತ್ರದ ಹೊರಗೆ, ದಿನದ ಮಾತಿನಲ್ಲಿ ‘ಪೋಸ್ಟೀರಿಯರ್’ ದೇಹದ ಹಿಂಭಾಗವನ್ನು ಸೂಚಿಸುವುದರಿಂದ, ‘ನಂತರದ’ ಎಂಬ ಅರ್ಥದಲ್ಲಿ ಅದನ್ನು ತರದಿರುವುದು ಲೇಸು.

ಭೂವಿಜ್ಞಾನದ ಲೇಖನವೊಂದರಲ್ಲಿ ಒಂದೇ ಯುಗಕ್ಕೆ ‘ಲೇಟ್ ಕ್ರಿಟೇಶಿಯಸ್’ ಎಂದೂ ‘ಅಪ್ಪರ್ ಕ್ರಿಟೇಶಿಯಸ್’ ಎಂದೂ ಇತ್ತು. ಅಚ್ಚಿನ ತಪ್ಪೇ?

ಅಲ್ಲ, ಎರಡೂ ಬೇಕೆಂದೇ ಬರೆದವು. ಕಾಲದ ಮಾತಾದರೆ ‘ಲೇಟ್’, ಆ ಕಾಲದಲ್ಲಿ ಕೂಡಿದ ಬಂಡೆಯ ಪದರದ ಮಾತಾದರೆ ‘ಅಪ್ಪರ್’. ಕದಡದೆ ಉಳಿದ ಪದರಗಳಲ್ಲಿ ನಂತರ ಕೂಡಿದ್ದು ಮೇಲೆ ಇರುತ್ತದೆ. ಒಂದು ಜೀವಿ ಬದುಕಿದ್ದು ‘ಲೇಟ್’ ಕಾಲದಲ್ಲಿ, ಅದರ ಪಳೆಯುಳಿಕೆ ಸಿಕ್ಕಿದ್ದು ‘ಅಪ್ಪರ್’ ಪದರದಲ್ಲಿ. ನಮ್ಮ ‘ಆಮೇಲೆ’, ‘ಆದ ಮೇಲೆ’ ಎಂಬ ಮಾತುಗಳಲ್ಲಿಯೂ ನಂತರದ್ದು ಮೇಲೆಯೇ ಇದೆ ಎಂಬುದನ್ನು ಕಂಡಾಗ ನನಗೆ ಬಹಳ ಸಂತೋಷವಾಯಿತು.

ಹಳೆಯ ವ್ಯಾಪಾರದ ಪತ್ರಗಳಲ್ಲಿ ‘10ನೇ ಪ್ರಾಕ್ಸಿಮೋ’ ಎಂದಿದೆ. ಅದು ಯಾವ ತಿಂಗಳು?

ಪತ್ರ ಬರೆದ ತಿಂಗಳಿನ ಮುಂದಿನ ತಿಂಗಳು. ‘ಅಲ್ಟಿಮೋ’ ಎಂದರೆ ಹಿಂದಿನ ತಿಂಗಳು, ‘ಇನ್‌ಸ್ಟೆಂಟ್’ ಎಂದರೆ ಅದೇ ತಿಂಗಳು. ಹಳೆಯ ಕಾಗದಗಳನ್ನು ಓದಲು ಇವು ಗೊತ್ತಿರಬೇಕು, ಹೊಸದಾಗಿ ಬರೆಯಲು ಬೇಕಾಗಿಲ್ಲ.

‘ಪ್ರೆಸೆಂಟ್ಲಿ’ ಎಂದರೆ ‘ಈಗ’ ಎಂದು ಒಬ್ಬರು, ‘ಸ್ವಲ್ಪ ಹೊತ್ತಿನಲ್ಲಿ’ ಎಂದು ಇನ್ನೊಬ್ಬರು. ಯಾರ ಮಾತು ಸರಿ?

ಇಬ್ಬರದೂ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದಕ್ಕೆ ‘ಇನ್ನು ಸ್ವಲ್ಪ ಹೊತ್ತಿನಲ್ಲಿ’ ಎಂಬ ಅರ್ಥ ರೂಢಿಯಲ್ಲಿದೆ, ಅಮೆರಿಕದಲ್ಲಿ ‘ಈಗ’ ಎಂಬುದು ಹೆಚ್ಚು. ‘ಮೊಮೆಂಟರಿಲಿ’ ಎಂಬುದೂ ಹೀಗೆಯೇ: ಒಂದೆಡೆ ‘ಒಂದು ಕ್ಷಣದ ಮಟ್ಟಿಗೆ’, ಅಮೆರಿಕದಲ್ಲಿ ‘ಇನ್ನೊಂದು ಕ್ಷಣದಲ್ಲಿ’ ಎಂದೂ ಆಗುತ್ತದೆ. ಸಂದೇಹವಿದ್ದಲ್ಲಿ ‘ನೌ’ ಅಥವಾ ‘ಸೂನ್’ ಎಂದುಬಿಡುವುದು ಉತ್ತಮ.

ಇದರ ಹಿಂದೆ ಅರ್ಥದ ಒಂದು ದೊಡ್ಡ ಜಾರುವಿಕೆ ಇದೆ. ಇಂಗ್ಲಿಷಿನಲ್ಲಿ ‘ಈ ಕ್ಷಣವೇ’ ಎಂದು ಹುಟ್ಟಿದ ಪದಗಳು ಒಂದೊಂದಾಗಿ ‘ಆಮೇಲೆ’ ಎಂಬುದರ ಕಡೆಗೆ ಜಾರಿವೆ. ‘ಸೂನ್’ ಎಂಬುದರ ಹಳೆಯ ಅರ್ಥ ‘ಕೂಡಲೇ’. ‘ಅನಾನ್’ ಎಂಬುದರದೂ ಅದೇ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ರಾಜನ ಮುಂದೆ ನಿಂತ ಹುಡುಗಿ ಸ್ನಾನಿಕ ಯೋಹಾನನ ತಲೆಯನ್ನು ‘ಬೈ ಆ್ಯಂಡ್ ಬೈ’ ಕೊಡಬೇಕೆಂದು ಕೇಳುತ್ತಾಳೆ. ಇಂದಿನ ಓದುಗರಿಗೆ ‘ನಿಧಾನವಾಗಿ, ಯಾವಾಗಲಾದರೂ’ ಎಂದು ಕೇಳಿಸುವ ಆ ಮಾತಿಗೆ ಅಲ್ಲಿ ‘ತಕ್ಷಣ’ ಎಂದೇ ಅರ್ಥ. ಕೂಡಲೇ ಮಾಡುತ್ತೇನೆ ಎಂದವರು ತಡಮಾಡುತ್ತ ಬಂದಂತೆ ಪದಗಳೂ ಸಡಿಲವಾಗುತ್ತ ಹೋಗಿರಬೇಕು ಎಂಬುದು ನನ್ನ ಊಹೆ.

‘ಇದೋ ಬಂದೆ’ ಎನ್ನುತ್ತೇವಲ್ಲ, ಇನ್ನೂ ಬಂದಿರುವುದೇ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಕನ್ನಡದ ಸೊಗಸಾದ ನುಡಿಗಟ್ಟುಗಳಲ್ಲಿ ಇದೂ ಒಂದು. ಒಳಗಿನಿಂದ ಯಾರೋ ಕರೆದಾಗ, ಕೈಯಲ್ಲಿದ್ದುದನ್ನು ಇನ್ನೂ ಕೆಳಗಿಡದೆ, ಎದ್ದು ನಿಲ್ಲದೆ ‘ಬಂದೆ’ ಎನ್ನುತ್ತೇವೆ. ರೂಪ ಭೂತಕಾಲದ್ದು, ಸಂಗತಿ ಮುಂದೆ ಆಗಬೇಕಾದದ್ದು. ಬರುವುದು ಎಷ್ಟು ಖಚಿತವೆಂದರೆ ಅದು ಆಗಿಹೋದಂತೆಯೇ ಎಂಬ ಭರವಸೆ ಆ ರೂಪದಲ್ಲಿದೆ. ಇದನ್ನು ‘ಐ ಕೇಮ್’ ಎಂದು ತಂದರೆ ಅರ್ಥ ಪೂರ್ತಿ ಕೆಡುತ್ತದೆ. ‘ಐ ವಿಲ್ ಕಮ್ ಲೇಟರ್’ ಎಂದರೆ ಕರೆದವರಿಗೆ ನಿರಾಶೆಯಾಗುತ್ತದೆ, ಏಕೆಂದರೆ ಬರಿಯ ‘ಲೇಟರ್’ ಎಂದರೆ ಈಗ ಇಲ್ಲ ಎಂದಂತೆ. ಇಂಗ್ಲಿಷಿನವರು ಅದೇ ಜಾಗದಲ್ಲಿ ವರ್ತಮಾನವನ್ನು ಬಳಸುತ್ತಾರೆ: ‘ಕಮಿಂಗ್!’ ಬಂದಾಗಿದೆ ಎಂದು ನಾವು, ಬರುತ್ತಲೇ ಇದ್ದೇವೆ ಎಂದು ಅವರು. ಆದರೆ ಎರಡೂ ಕಡೆ ಆ ಮಾತು ಹೊರಡುವ ಹೊತ್ತಿಗೆ ಕುಳಿತವರು ಕುಳಿತಲ್ಲಿಯೇ ಇರುತ್ತಾರೆ.